ಆಂಟೆನಾ ಮನೆಯ ಹುಡುಗಿ, ಕೇಬಲ್ ಮನೆಯ ಹುಡುಗ

ನನ್ನನ್ನು ನೋಡಲು ಬಂದ ಹುಡುಗನ ಮುಖವನ್ನು ನಾನು ಮೊದಲ ಸಲ ಕಂಡದ್ದು ಸ್ಪೇನ್ ಎರಡನೇ ಗೋಲು ಹೊಡೆದ ಮೇಲೆ. ಅಷ್ಟು ಹೊತ್ತಿಗೆ ಅವನ ಕೈಗೆ ಕಾಫಿ ಲೋಟ ಕೊಟ್ಟಾಗಿತ್ತು, ಅವನ ತಾಯಿಗೆ ನಮಸ್ಕಾರ ಮಾಡಿಯೂ ಆಗಿತ್ತು. ಆದರೆ ತಲೆ ತಗ್ಗಿಸಿಕೊಂಡೇ ಇರಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರಿಂದ ನನಗೆ ಕಂಡಿದ್ದು ಅವನ ಕಾಲುಬೆರಳುಗಳು ಮಾತ್ರ. ಅವು ಒಂದೇ ಸಮನೆ ಅಲ್ಲಾಡುತ್ತಿದ್ದವು. ಪಾಪ, ಹೆದರಿಕೆಯ ಹುಡುಗ ಅಂದುಕೊಂಡೆ.

ಹೆದರಿಕೆಯಲ್ಲ. ಅವನೂ ನನ್ನ ಹಾಗೆಯೇ ಗೋಡೆಗೆ ಕಿವಿ ಕೊಟ್ಟಿದ್ದ. ಗೋಡೆಯಾಚೆ ಪಕ್ಕದ ಮನೆಯ ಟಿವಿ ಕೂಗುತ್ತಿತ್ತು. ಫ್ರಾನ್ಸಿನಲ್ಲಿ ವಿಶ್ವಕಪ್ ಫುಟ್‌ಬಾಲ್. ಆ ಸಂಜೆ ಸ್ಪೇನಿಗೂ ನೈಜೀರಿಯಾಕ್ಕೂ ಆಟ. ನಮ್ಮ ಮನೆಯ ಟಿವಿ ಮಾತ್ರ ನಾನೇ ಕಸೂತಿ ಹಾಕಿದ ಬಟ್ಟೆಯ ಮುಸುಕು ಹೊದ್ದು, ನನಗಿಂತ ಹೆಚ್ಚು ನಾಚಿಕೆಯಿಂದ ಮೂಲೆಯಲ್ಲಿ ಕೂತಿತ್ತು. ಹೆಣ್ಣು ನೋಡುವ ದಿನ ಟಿವಿ ಹಾಕಬಾರದೆಂದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ, ನಮ್ಮಪ್ಪನ ಶಾಸ್ತ್ರದಲ್ಲಿತ್ತು. ಅಡುಗೆಮನೆಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಲೇ ನಾನು ಲೆಕ್ಕ ಹಿಡಿದಿದ್ದೆ: ಒಂದು ಅವರಿಗೆ, ಒಂದು ನಮಗೆ. 'ನಮಗೆ' ಎಂದರೆ ನೈಜೀರಿಯಾಕ್ಕೆ.

ಆಗಲೇ ಗೋಡೆಯಾಚೆ ಹೋ ಎಂದು ಗದ್ದಲವೆದ್ದದ್ದು. ಹುಡುಗ ಬಾಯಿ ತಪ್ಪಿ, "ಯಾರು ಹೊಡುದ್ರು?" ಅಂದುಬಿಟ್ಟ.

ನಾನೂ ಬಾಯಿ ತಪ್ಪಿ, "ಸ್ಪೇನು," ಅಂದೆ.

ನನ್ನ ದನಿಯಲ್ಲಿ ಅದೆಂಥ ಸಂಕಟವಿತ್ತೋ, ಅವನು ಥಟ್ಟನೆ ನನ್ನ ಕಡೆ ತಿರುಗಿದ, ನಾನು ತಲೆಯೆತ್ತಿದೆ. ಸೀಬೆಹಣ್ಣಿನಂಥ ದುಂಡು ಮುಖ, ದಪ್ಪ ಮೀಸೆ, ಆ ಮೀಸೆಗೆ ಕೊಂಚವೂ ಹೊಂದದ ಮಗುವಿನ ಕಣ್ಣು. ಅಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಚಾಮರಾಜನಗರದ ಹುಡುಗಿ, ಅದೂ ಸ್ಕೂಲ್ ಮೇಡಂ, ನೈಜೀರಿಯಾದವಳಾದದ್ದು ಹೇಗೆಂದು ನೀವು ಕೇಳಬಹುದು. ಅದರ ಪುಣ್ಯವೆಲ್ಲ ನಮ್ಮ ಮನೆಯ ಆಂಟೆನಾಕ್ಕೆ ಸೇರಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಟಿವಿ ತಂದರು. ಸರ್ಕಾರಿ ಚಾನಲ್ಲು ಏನು ಕೊಟ್ಟರೆ ಅದನ್ನು ನೋಡುವುದು. ಹಿಪ್ಪುನೇರಳೆಗೆ ಬರುವ ರೋಗ ಕೊಟ್ಟರೆ ಅದು, ಸಂಸತ್ತಿನ ಕಲಾಪ ಕೊಟ್ಟರೆ ಅದು. ಹೀಗೆ ಕೊಡುತ್ತಾ ಕೊಡುತ್ತಾ ಒಂದು ವರ್ಷ ಇಟಲಿಯ ವಿಶ್ವಕಪ್ಪನ್ನೇ ಕೊಟ್ಟುಬಿಟ್ಟರು. ಅದರಲ್ಲಿ ಹಸಿರು ಅಂಗಿ ತೊಟ್ಟ ಕ್ಯಾಮರೂನ್ ದೇಶದವರು ಬಂದು, ಹಿಂದಿನ ಸಲದ ಕಪ್ಪನ್ನು ಮನೆಯಲ್ಲಿಟ್ಟುಕೊಂಡಿದ್ದ ದೊಡ್ಡವರನ್ನು ಮೊದಲ ಆಟದಲ್ಲೇ ಸೋಲಿಸಿ, ಮುಂದಿನ ಆಟಗಳಲ್ಲಿ ಮೂಲೆಯ ಬಾವುಟದ ಹತ್ತಿರ ಕುಣಿದರು. ನಮ್ಮ ಟಿವಿಯಲ್ಲಿ ಬಣ್ಣವಿರಲಿಲ್ಲ. ಆದರೂ ಆ ಅಂಗಿ ನನಗೆ ಹಸಿರಾಗಿಯೇ ಕಂಡಿತು. ಮುಂದಿನ ವಿಶ್ವಕಪ್ಪಿಗೆ ನೈಜೀರಿಯಾ ಬಂತು, ಅವರದೂ ಹಸಿರು. ನನ್ನ ಭಕ್ತಿ ಹಾಗೇ ಒಂದು ದೇಶದಿಂದ ಇನ್ನೊಂದಕ್ಕೆ ವರ್ಗವಾಯಿತು. ಇಲಾಖೆ ಅದೇ.

ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದ ಅಪ್ಪನಿಗೆ ಮನುಷ್ಯನಿಗೆ ಬೇಕಾದದ್ದನ್ನೆಲ್ಲ ಸರ್ಕಾರ ಒಂದಲ್ಲ ಒಂದು ದಿನ ಕೊಟ್ಟೇ ಕೊಡುತ್ತದೆಂಬ ನಂಬಿಕೆ. ಕೊನೆಗೆ ಜಿಲ್ಲೆಯನ್ನೇ ಕೊಡಲಿಲ್ಲವೇ? ನಮ್ಮೂರು ಜಿಲ್ಲಾ ಕೇಂದ್ರವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಿರುವಾಗ, ಗಾಳಿಯಲ್ಲಿ ಪುಕ್ಕಟೆ ಬರುವುದನ್ನು ಬಿಟ್ಟು ತಂತಿಗೆ ಕಾಸು ಕಟ್ಟುವವರನ್ನು ಕಂಡರೆ ಅವರಿಗೆ ಮರುಕ. ಪ್ರಸಾರವೆಂದರೆ ಅವರಿಗೆ ಪ್ರಸಾದವಿದ್ದ ಹಾಗೆ. ಎಷ್ಟು ಕೊಟ್ಟರು ಎಂದು ಕೇಳಬಾರದು, ಕಣ್ಣಿಗೊತ್ತಿಕೊಂಡು ಸ್ವೀಕರಿಸಬೇಕು. ಸಂಸ್ಕೃತದಲ್ಲಿ ಪ್ರಸಾದವೆಂದರೆ ತಿಳಿಯಾಗುವುದು, ಪ್ರಸನ್ನವಾಗುವುದು ಎಂದೂ ಅರ್ಥವಂತೆ. ಗಾಳಿ ಬೀಸಿದ ದಿನ ಅಪ್ಪ ಮಾಳಿಗೆ ಹತ್ತಿ ಆಂಟೆನಾದ ಕೊಳವೆ ತಿರುಗಿಸುವರು; ನಾನು ಕಿಟಕಿಯಿಂದ "ಬಂತು, ಬಂತು... ಅಯ್ಯೋ ಹೋಯ್ತು" ಎಂದು ಕೂಗುವೆ. ಎಷ್ಟೋ ಹೊತ್ತಾದ ಮೇಲೆ ಚಿತ್ರ ಪ್ರಸನ್ನವಾಗುವುದು. ಆ ಸುಖವೇ ಬೇರೆ ಬಿಡಿ. ಇನ್ನು ಕೇಬಲ್ಲಿನವರದು ಚಂದಾ. ಚಂದಾ ಕೊಟ್ಟವರಿಗೆ ಚೆಂದವಾಗಿ ಕಾಣಲೇಬೇಕು. ಕಾಣದಿದ್ದರೆ ಕೇಳುವ ಹಕ್ಕಿದೆ. ಒಂದು ಪಂಕ್ತಿಯ ಊಟ, ಇನ್ನೊಂದು ಹೋಟೆಲಿನ ಊಟ. ಪಂಕ್ತಿಯಲ್ಲಿ ಕೂತವನು ಪಾಯಸ ಯಾಕೆ ಇನ್ನೂ ಬರಲಿಲ್ಲ ಎಂದು ಕೂಗಾಡಲಾರ.

ನಡುಮನೆಗೆ ವಾಪಸ್ಸು ಬರೋಣ. ಅಲ್ಲಿ ಮೊದಲು ಮಾತಾಡಿದವರು ಹುಡುಗನ ತಾಯಿ. ಉಡಿಗಾಲದ ಬೇಸಾಯದ ಮನೆಯಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಸೊಸೆಯಾಗಿ ಹೋದ ಹೆಂಗಸು. ಮಾತು ತೂಕ ಹಾಕಿ ಆಡುವ ಅಭ್ಯಾಸ ಅವರಿಗಿರಲಿಲ್ಲ.

"ಅದೇನ್ರವ್ವ ಅದು ಸ್ಪೇನು ಗೀನು? ಟೀವಿ ಅದ್ಯಲ್ಲ, ಹಾಕ್ಬುಡಿ ಅತ್ಲಾಗೆ. ನನ್ ಮಗ ಬಂದಾಗ್ಲಿಂದ ಇರುವೆ ಗೂಡ್ನ್ ಮ್ಯಾಲ್ ಕುಂತಂಗ್ ಕುಂತವ್ನೆ."

ಗಂಡಿನ ಕಡೆಯವರ ಮಾತು ತೆಗೆದುಹಾಕುವಂತಿಲ್ಲ. ಅಪ್ಪ ಎದ್ದು ಮುಸುಕು ತೆಗೆದರು. ಕೂತವರೆಲ್ಲ ಗೋಡೆಗೆ ಒರಗಿದ್ದ ಬೆನ್ನುಗಳನ್ನು ಬಿಡಿಸಿಕೊಂಡು ಟಿವಿಯ ಕಡೆ ತಿರುಗಿದರು. ನನ್ನನ್ನು ನೋಡಲೆಂದು ಬಂದವರು ನನ್ನನ್ನು ಬಿಟ್ಟು ಇನ್ನೆಲ್ಲವನ್ನೂ ನೋಡತೊಡಗಿದ ಆ ಹೊತ್ತಿನಲ್ಲಿ ನಾನು ಮೊದಲ ಬಾರಿಗೆ ನೆಮ್ಮದಿಯಾಗಿ ಉಸಿರಾಡಿದೆ. ಹುಡುಗನ ಹೆಸರು ಶಿವಮಲ್ಲು. ಅವನಿಗೂ ನೈಜೀರಿಯಾವೇ ಗೆಲ್ಲಬೇಕಿತ್ತು. ಅದನ್ನು ಅವನು ಹೇಳಲಿಲ್ಲ. ಹಸಿರು ಅಂಗಿಯವರು ಓಡಿದಾಗ ಅವನ ಮೊಣಕಾಲು ಓಡುತ್ತಿತ್ತು.

ಏಳೂವರೆಯ ಹೊತ್ತು. ನೈಜೀರಿಯಾದ ಒಬ್ಬ ಆಟಗಾರ ಎಡಗಡೆಯಿಂದ ನುಗ್ಗಿದ. ಒಬ್ಬನನ್ನು ದಾಟಿದ. ಗೆರೆಯಂಚಿಗೆ ಬಂದ. ಕಾಲೆತ್ತಿದ—

"ನಮಸ್ಕಾರ. ವಾರ್ತೆಗಳು," ಎಂದು ರೇಷ್ಮೆ ಸೀರೆಯ ಹೆಣ್ಣುಮಗಳೊಬ್ಬಳು ನಮ್ಮೆಲ್ಲರಿಗೂ ಕೈಮುಗಿದಳು.

ನನ್ನ ಬಾಯಿಂದ ಬಂದ ಶಬ್ದ ವಧುವಿನದಾಗಿರಲಿಲ್ಲ. ಶಿವಮಲ್ಲು ನಿಂತೇಬಿಟ್ಟಿದ್ದ. "ಸಾರ್, ಒಂಚೂರು ಫೋನ್ ಮಾಡ್ಬೋದಾ? ಗುಂಡ್ಲುಪೇಟೆಗೆ, ನಮ್ ಕಂಟ್ರೋಲ್ ರೂಮ್‌ಗೆ."

"ಯಾವ ಕಂಟ್ರೋಲ್ ರೂಮ್?" ಅಪ್ಪನಿಗೆ ಅದು ಪೊಲೀಸಿನವರ ಮಾತಿನಂತೆ ಕೇಳಿಸಿತು. "ನಿಮ್ಮದು ಎಲೆಕ್ಟ್ರಾನಿಕ್ಸ್ ವ್ಯವಹಾರ ಅಲ್ಲವಾ?"

ಸಂಬಂಧ ತಂದಿದ್ದ ಸಂತೆಮರಹಳ್ಳಿಯ ನಂಜಪ್ಪ ಮಾವ ಇದ್ದಕ್ಕಿದ್ದ ಹಾಗೆ ಕೆಮ್ಮತೊಡಗಿದರು. ಶಿವಮಲ್ಲುವಿಗೆ ಆ ಕೆಮ್ಮಿನ ಅರ್ಥವಾಗಲಿಲ್ಲ. "ಕೇಬಲ್ ಸಾರ್," ಅಂದ. "ಗುಂಡ್ಲುಪೇಟೆಲಿ ಕೇಬಲ್ ಟೀವಿ ನಂದೇ. ನಾನೂ ಹಂಸಾ ಅಂತ ನಮ್ ಕೇರಳದ ಸ್ನೇಹಿತರೂ ಸೇರಿ ನಡುಸ್ತೀವಿ."

ಅಪ್ಪನ ಮುಖದಲ್ಲಿ ಏನೇನು ಬಂದು ಹೋಯಿತೋ ಹೇಳಲಾರೆ. ಪ್ರಸಾದ ನಂಬಿದ ಮನೆಗೆ ಚಂದಾ ಎತ್ತುವವನೇ ಹೆಣ್ಣು ಕೇಳಿಕೊಂಡು ಬಂದಿದ್ದ. ಅಮ್ಮ ಕೇಸರಿಬಾತಿನ ಪಾತ್ರೆಯ ಮುಚ್ಚಳ ಹಾಕಿದರು. ನಮ್ಮ ಮನೆಯಲ್ಲಿ ಅದು ಸಭೆ ಮುಗಿಯಿತೆಂಬ ಸೂಚನೆ.

ಆ ಕಾಲದಲ್ಲಿ ದೂರದೂರಿಗೆ ಯಾರೂ ಫೋನು ಮಾಡದಿರಲೆಂದು ಡಯಲಿಗೆ ಪುಟ್ಟ ಬೀಗ ಹಾಕುವ ಪದ್ಧತಿಯಿತ್ತು. ನಮ್ಮ ಮನೆಯ ಫೋನಿನ ಬೀಗದ ಕೈ ಅಪ್ಪನ ಉಡಿದಾರದಲ್ಲೇ ಇರುತ್ತಿತ್ತು. ಅಪ್ಪ ಫೋನು ನೋಡಿದರು, ಹುಡುಗನನ್ನು ನೋಡಿದರು, ವಾರ್ತೆ ಓದುತ್ತಿದ್ದ ಹೆಣ್ಣುಮಗಳನ್ನು ನೋಡಿದರು. ಆಕೆ ಯಾವುದೋ ಸಮ್ಮೇಳನದ ಉದ್ಘಾಟನೆಯನ್ನು ಬಹಳ ನಿಧಾನವಾಗಿ ಓದುತ್ತಿದ್ದಳು. ಇಟಲಿಯ ವಿಶ್ವಕಪ್ಪಿನಿಂದ ನನ್ನ ಜೊತೆಗೇ ಕೂತು ನೋಡಿದ ಮನುಷ್ಯ ಅವರು. ಗೆರೆಯಂಚಿನಲ್ಲಿ ಕಾಲೆತ್ತಿ ನಿಂತವನು ಏನು ಮಾಡಿದನೆಂದು ಅವರಿಗೂ ತಿಳಿಯಬೇಕಿತ್ತು.

"ಮಾಡಪ್ಪ," ಎಂದು ಷರಟು ಎತ್ತಿ ಬೀಗದ ಕೈ ಬಿಚ್ಚಿದರು.

ಗುಂಡ್ಲುಪೇಟೆಯ ಬೇಕರಿಯೊಂದರ ಮಹಡಿಯ ಮೇಲೆ, ಡಿಶ್ಶಿನ ಕೆಳಗಿನ ಕೋಣೆಯಲ್ಲಿ ಹಂಸಾ ಫೋನೆತ್ತಿದರು. ಅವರ ದನಿ ಎಷ್ಟು ಗಟ್ಟಿಯೆಂದರೆ ರಿಸೀವರ್ ಶಿವಮಲ್ಲುವಿನ ಕಿವಿಯಲ್ಲಿದ್ದರೂ ಅಡುಗೆಮನೆಯ ಬಾಗಿಲಲ್ಲಿದ್ದ ನನಗೆ ಕೇಳುತ್ತಿತ್ತು. "ಶಿವಮಲ್ಲೂ! ಗೋಲಾಯಿ! ಗೋಲಿ ಕೈಯಿಂದಾನೇ ಉಳ್ಳಿಲ್ ಪೋಯಿ!"

"ಗೋಲಾಯ್ತು ಸಾರ್! ಹಿಡಿಯಕ್ಕೋದ ಅವ್ರ ಗೋಲ್‌ಕೀಪರ್ ಕೈಗೇ ತಗುಲಿ ಒಳಗೋಗ್ಬುಡ್ತಂತೆ!"

ಎರಡು ಎರಡು! ಅಲ್ಲಿಂದ ಮುಂದೆ ನಮ್ಮ ನಡುಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಟಿವಿಯಲ್ಲಿ ಮಾರುಕಟ್ಟೆ ಧಾರಣೆ. ಫೋನಿನಲ್ಲಿ ಫ್ರಾನ್ಸು. ಫ್ರಾನ್ಸಿನ ಆಟ ಆಕಾಶಕ್ಕೆ ಹತ್ತಿ, ಗುಂಡ್ಲುಪೇಟೆಯ ಡಿಶ್ಶಿಗೆ ಇಳಿದು, ಹಂಸಾರ ಮಲೆಯಾಳದಲ್ಲಿ ಹೊರಳಿ, ಟೆಲಿಫೋನ್ ತಂತಿಯಲ್ಲಿ ತೆರಕಣಾಂಬಿ ದಾಟಿಕೊಂಡು ಬಂದು, ಶಿವಮಲ್ಲುವಿನ ಬಾಯಲ್ಲಿ ನಮ್ಮೂರ ಕನ್ನಡವಾಗುತ್ತಿತ್ತು. ಅಪ್ಪ ಅವನ ಪಕ್ಕಕ್ಕೆ ಹೋಗಿ ನಿಂತರು. ಆಮೇಲೆ ರಿಸೀವರಿನ ಹಿಂಬದಿಗೆ ಕಿವಿ ಹಚ್ಚಿದರು. ನಾನು ಯಾವಾಗ ಅಡುಗೆಮನೆಯ ಬಾಗಿಲು ಬಿಟ್ಟೆನೋ ಕಾಣೆ, ನಾನೂ ಅಲ್ಲೇ ಇದ್ದೆ.

ಹಂಸಾ ಒಮ್ಮೆಗೇ ಸುಮ್ಮನಾದರು.

"ಹಂಸಾ? ಏನಾಯ್ತು? ಹಂಸಾ!"

ರಿಸೀವರು ಎಲ್ಲೋ ಬಿದ್ದ ಸದ್ದು, ಆಮೇಲೆ ಒಂದೂರು ಪೂರ್ತಿ ಎದ್ದು ನಿಂತಂಥ ಗದ್ದಲ. ಬೇಕರಿಯವರು, ಬಸ್ ನಿಲ್ದಾಣದವರು, ಕೇರಳಕ್ಕೆ ಹೊರಟ ಲಾರಿ ನಿಲ್ಲಿಸಿ ಟೀ ಕುಡಿಯುತ್ತಿದ್ದವರು, ಎಲ್ಲರೂ ಕೂಗುತ್ತಿದ್ದಾರೆ. ಆದರೆ ಯಾರು ಹೊಡೆದದ್ದು? ಕೊನೆಗೆ ಹಂಸಾರ ದನಿ ಅಳುವಂತೆ ಬಂತು: "ಮೂರು! ಶಿವಮಲ್ಲೂ, ನಮ್ದು ಮೂರು! ಅಷ್ಟು ದೂರದಿಂದ, ಚೆಂಡು ನಿಲ್ಲಿಸ್ಲೇ ಇಲ್ಲ, ಒಂದೇ ಒದೆ!"

ನಾನು ಕೂಗಿದೆ. ಕುಣಿದೆ ಎಂದೂ ಹೇಳುತ್ತಾರೆ. ತಟ್ಟೆಯಲ್ಲಿದ್ದ ವೀಳ್ಯದೆಲೆ ನೆಲದ ತುಂಬ ಹರಡಿತ್ತು. ಅಪ್ಪನೂ ಶಿವಮಲ್ಲುವೂ ಭುಜ ಹಿಡಿದು ಒಬ್ಬರನ್ನೊಬ್ಬರು ಅಲ್ಲಾಡಿಸುತ್ತಿದ್ದರು. ಆಮೇಲೆ ತಾವು ಯಾರೆಂಬುದು ನೆನಪಾಗಿ ಇಬ್ಬರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

ಹುಡುಗನ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಂಗ್ ಒಪ್ಪುಗೆ ಕಣಮ್ಮಿ. ಮೂಲೆಲಿ ಮೂಗುಬಸವಿಯಂಗೆ ಕುಂತ್ಕಳೋ ಸೊಸೆ ಬ್ಯಾಡ ಅಂತ ನಾನು ಮೊದ್ಲೇ ಏಳಿದ್ದೆ."

ಹೊರಡುವ ಮುಂಚೆ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ನಮ್ಮಿಬ್ಬರನ್ನು ಮಾತಾಡಲು ಬಿಟ್ಟರು. ಮದುವೆಯಾದರೆ ಕೆಲಸ ಬಿಡಬೇಕೇ ಎಂದು ಕೇಳಿದೆ. "ನಿಮ್ ಕೆಲ್ಸ ನಿಮ್ದು," ಅಂದ. ತಡೆದು, "ನನ್ ಕೆಲ್ಸ ಏನಂತ ನಿಮ್ ಮನೇಲಿ ಬೇರೆ ಥರ ಏಳಿದ್ರಂತೆ. ನಂಗ್ ಗೊತ್ತಿರ್ನಿಲ್ಲ. ಮಳೆ ಬಂದ್ರೂ ಕಂಬ ಅತ್ಬೇಕಾಗ್ತದೆ. ಅದನ್ನ ಮುಚ್ಚಿಟ್ಟು ಮದ್ವೆ ಆಗಕ್ಕೆ ನಂಗಿಷ್ಟ ಇಲ್ಲ," ಅಂದ. ನಾನು ಆ ಕ್ಷಣದಲ್ಲೇ ಗುಂಡ್ಲುಪೇಟೆಯವಳಾಗಿ ಹೋದೆ. ಇನ್ನೊಂದು ವರ್ಗಾವಣೆ.

ಆದರೆ ಅವರ ಜೀಪು ತಿರುವು ದಾಟುತ್ತಲೇ ಅಪ್ಪ ಮತ್ತೆ ಶಿರಸ್ತೇದಾರರಾದರು. "ಕಂಬ ಹತ್ತುವವನಿಗೆ ಮಗಳನ್ನು ಕೊಡುವುದಿಲ್ಲ." ನಂಜಪ್ಪ ಮಾವ ಊಟಕ್ಕೂ ನಿಲ್ಲದೆ ಸಂತೆಮರಹಳ್ಳಿಯ ಬಸ್ಸು ಹತ್ತಿದರು. ಅಮ್ಮ ಅತ್ತರು. ನಾನು ಅಳಲಿಲ್ಲ, ಮೂರು ದಿನ ಟಿವಿ ಹಾಕಲಿಲ್ಲ. ವಿಶ್ವಕಪ್ಪಿನ ನಡುವೆ ನಾನು ಟಿವಿ ಹಾಕದೆ ಕೂತರೆ ಅದು ಎಂಥ ಸಂಗತಿ ಎಂಬುದು ಅಪ್ಪನಿಗೊಬ್ಬರಿಗೇ ಅರ್ಥವಾಗುವಂಥದ್ದು. ನಾಲ್ಕನೆಯ ದಿನ, "ಬೇಡ ಅನ್ನುವುದಾದರೂ ಒಂದು ಸಲ ಮನೆ ನೋಡಿ ಬಂದು ಬೇಡ ಅನ್ನಬೇಕು, ಅದು ಕ್ರಮ," ಎಂದು ಗೊಣಗುತ್ತಾ ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಆಷಾಢಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು.

ಅಲ್ಲಿ ನಡೆದದ್ದನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಕಣ್ಣಾರೆ ಕಂಡ ಹಾಗಿದೆ. ಅಪ್ಪ ಹೋದಾಗ ಸಂಜೆಯ ಆಟ ನಡೆಯುತ್ತಿತ್ತು. ಶಿವಮಲ್ಲು ಹೊಸ ಬಿಳಿ ಷರಟು ತೊಟ್ಟು, ಬೇಕರಿಯ ಮುಂದೆ ಕುರ್ಚಿ ಹಾಕಿ ಕೂರಿಸಿ, ಬೆಣ್ಣೆ ಬಿಸ್ಕತ್ತು ತರಿಸಿದ. ಅಪ್ಪ ಬಿಸ್ಕತ್ತು ಕೈಗೆ ತೆಗೆದುಕೊಳ್ಳುವುದಕ್ಕೂ ಬಾಳೆಗೊನೆ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡಲಾಗಿದ್ದ ತಂತಿಯನ್ನು ಕಿತ್ತುಕೊಂಡು ಹೋಗುವುದಕ್ಕೂ ಸರಿಹೋಯಿತು. ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಸತ್ತವು. ಜನ ಹೊರಗೆ ಬಂದರು. "ಎಲ್ಲೋದ್ಯಲಾ ಶಿವಮಲ್ಲ? ಕಾಸ್ ಈಸ್ಕಳಕ್ಕೆ ಮಾತ್ರ ಬತ್ತೀಯಲ್ಲ!" ಅಪ್ಪನ ಎದುರಿಗೇ, ಅಳಿಯನಾಗಲು ಹೊರಟವನಿಗೆ ಊರೆಲ್ಲ ಸೇರಿ ಬೈಗುಳ. ಅವನು ಬಿಳಿ ಷರಟಿನಲ್ಲೇ ಏಣಿ ಹೆಗಲಿಗೆ ಹಾಕಿಕೊಂಡು ಕಂಬದ ಕಡೆಗೆ ಓಡಿದ.

ಹಂಸಾ ತಂತಿಯ ಇನ್ನೊಂದು ತುದಿ ಹುಡುಕುತ್ತಾ ಹೋಗಿದ್ದರು. ಏಣಿ ಹಿಡಿಯುವವರು ಯಾರೂ ಇರಲಿಲ್ಲ. ಅದು ಅಲ್ಲಾಡುತ್ತಿತ್ತು. ಅಪ್ಪ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ಹೋಗಿ ಏಣಿ ಹಿಡಿದರು. ಹಿಡಿದ ತಪ್ಪಿಗೆ ಬೈಗುಳದಲ್ಲಿ ಅವರಿಗೂ ಪಾಲು ಸಿಕ್ಕಿತು. "ಏನ್ ಯಜಮಾನ್ರೆ, ನಿಮ್ ಉಡುಗಂಗೆ ಬಿರ್ರನೆ ಕಟ್ಟಕ್ ಏಳಿ! ಆಟ ಮುಗ್ದೋಯ್ತದೆ!"

"ಕಟ್ಟುತ್ತಿದ್ದಾನಲ್ರೀ! ಕಣ್ಣು ಕಾಣಲ್ವಾ?" ಎಂದು ನಮ್ಮಪ್ಪ ತಿರುಗಿ ಗದರಿದರಂತೆ. ಒಂದು ಕ್ಷಣದಲ್ಲಿ ಅವನು ನಮ್ಮ ಹುಡುಗನಾಗಿದ್ದ. ಮೇಲೆ ತಂತಿ ಕೂಡಿತು. ಬೀದಿಯುದ್ದಕ್ಕೂ ಆಟದ ಸದ್ದು ಮತ್ತೆ ಹುಟ್ಟಿತು. ಬೈದವರೆಲ್ಲ ಒಳಗೆ ಓಡಿದರು.

ಮರುದಿನ ಬೆಳಗ್ಗೆ ಅಪ್ಪ ಜಗುಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ನಾನು ಇಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದೆ ಕಣಮ್ಮ. ಜನ ಬಂದು ನಿಂತರೆ 'ನಾಳೆ ಬನ್ನಿ' ಅಂತಿದ್ದೆವು. ಅವನು ನಾಳೆ ಬನ್ನಿ ಅನ್ನಲಿಲ್ಲ." ಎದ್ದು ಹೋಗಿ ತಾವೇ ಟಿವಿ ಹಾಕಿದರು. ಹಿಪ್ಪುನೇರಳೆಗೆ ಗೊಬ್ಬರ ಹಾಕುವುದು ಹೇಗೆಂದು ಬರುತ್ತಿತ್ತು. ಇಬ್ಬರೂ ಪೂರ್ತಿ ನೋಡಿದೆವು.

ಶ್ರಾವಣದಲ್ಲಿ ಮದುವೆಯಾಯಿತು. ಅಲ್ಲಿಗೆ 'ಅವನು' ಹೋಗಿ 'ಇವರು' ಬಂದರು. ಗುಂಡ್ಲುಪೇಟೆಯಲ್ಲಿ ನನಗೆ ಇದ್ದಕ್ಕಿದ್ದಂತೆ ಹೋಟೆಲೇ ಸಿಕ್ಕಂತಾಯಿತು. ಯುರೋಪಿನ ಆಟ, ದಕ್ಷಿಣ ಅಮೆರಿಕದ ಆಟ, ಹಿಂದೆಂದೋ ನಡೆದ ಆಟ. ನಡುವೆ ಕೈಮುಗಿಯಲು ಬರುವವರಿಲ್ಲ. ಮೊದಲ ತಿಂಗಳು ಹೊಟ್ಟೆ ಬಿರಿಯುವಷ್ಟು ನೋಡಿದೆ. ಆಮೇಲೆ ಒಂದು ವಿಚಿತ್ರ ಕಂಡಿತು. ಚಾಮರಾಜನಗರದಲ್ಲಿ ಒಂದು ಆಟ ಬಂದರೆ ಬೀದಿಯೆಲ್ಲ ಅದೇ ಆಟ. ಗೋಡೆಯಾಚೆ ಕೂಗಿದರೆ ಈಚೆಗೆ ಅರ್ಥವಾಗುತ್ತಿತ್ತು. ಇಲ್ಲಿ ನಾನು ಗೋಲೆಂದು ಕೂಗುವಾಗ ಎಡಗಡೆಯ ಮನೆಯಲ್ಲಿ ತಮಿಳು ಹಾಡು, ಬಲಗಡೆ ಮಲೆಯಾಳದ ಧಾರಾವಾಹಿ. ನನ್ನ ಸಂತೋಷ ಗೋಡೆಯವರೆಗೆ ಹೋಗಿ ತಿರುಗಿ ನನ್ನ ಹತ್ತಿರಕ್ಕೇ ಬರುತ್ತಿತ್ತು. ಅತ್ತೆ ಮಾತ್ರ ಜೊತೆಗೆ ಕೂರುತ್ತಿದ್ದರು. ಯಾವ ತಂಡ ಎಂದು ಕೇಳುತ್ತಿರಲಿಲ್ಲ, "ನಮ್ದ್ಯಾವ ಬಣ್ಣ?" ಎಂದಷ್ಟೇ ಕೇಳುವರು.

ಮರುವರ್ಷ ಮಳೆಗಾಲ ಶುರುವಾದ ಮೇಲೆ ಒಂದು ಬೆಳಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಇವರು ಕಂಟ್ರೋಲ್ ರೂಮಿನಿಂದ ಫೋನು ಮಾಡಿ, "ಬಿರ್ರನೆ ಟೀವಿ ಹಾಕು," ಅಂದರು. ಹಾಕಿದೆ. ಅಮೆರಿಕದಲ್ಲಿ ಹೆಂಗಸರ ವಿಶ್ವಕಪ್. ಹಿಂದಿನ ದಿನದ ಆಟದ ತುಣುಕುಗಳು. ಜಡೆ ಬಿಗಿದು ಕಟ್ಟಿದ ಹುಡುಗಿಯರು ಕೆಸರು ಮೆತ್ತಿದ ಮೊಣಕಾಲಲ್ಲಿ ಓಡುತ್ತಿದ್ದರು, ಬೀಳುತ್ತಿದ್ದರು, ಎದ್ದು ಮತ್ತೆ ಓಡುತ್ತಿದ್ದರು. ಹೆಗಲಿಗೆ ಹಾಕಿದ್ದ ಬ್ಯಾಗು ಹಾಗೆಯೇ ಇತ್ತು, ನಾನು ನಿಂತೇ ಇದ್ದೆ. ಇಷ್ಟು ವರ್ಷ ಪ್ರಸಾದವೆಂದು ಕೊಟ್ಟವರು ಇದೊಂದನ್ನು ನನ್ನ ಎಲೆಗೆ ಬಡಿಸಿಯೇ ಇರಲಿಲ್ಲ.

ಅತ್ತೆ ಒಳಗಿಂದ ಬಂದರು. ನೋಡಿದರು. ನೇರವಾಗಿ ಹೋಗಿ ಬೀದಿ ಬಾಗಿಲಿನ ಎರಡು ರೆಕ್ಕೆಯನ್ನೂ ತೆರೆದರು. ಅರಿಸಿನದ ಹೊಲಕ್ಕೆ ಕಳೆ ಕೀಳಲು ಹೊರಟಿದ್ದ ಹೆಂಗಸರ ಗುಂಪೊಂದು ಹೋಗುತ್ತಿತ್ತು.

"ಬನ್ರವ್ವ ಬನ್ರಿ! ಎಂಗಸ್ರು ಒದಿತಾವ್ರೆ!"

"ಯಾರ್ನ?" ಎಂದು ಮುಂದಿದ್ದವಳು ಆಸೆಯಿಂದ ಕೇಳಿದಳು.

"ಚೆಂಡ್ನ ಕಣವ್ವ."

"ಅಯ್ಯೋ, ಅಷ್ಟೇಯಾ?" ಎಂದಳು. ಆದರೂ ಬಂದಳು. ಎಲ್ಲರೂ ಬಂದರು. ಬುತ್ತಿಗಂಟು ಕಂಕುಳಲ್ಲಿ, ಕಳೆ ತೆಗೆಯುವ ಕುರ್ಜಿಗೆ ಕೈಯಲ್ಲಿ, ಅರ್ಧ ಜನ ಹೊಸಿಲೊಳಗೆ, ಅರ್ಧ ಜನ ಜಗುಲಿಯ ಮೇಲೆ. ಅವರಲ್ಲೊಬ್ಬಳು ನಮ್ಮ ಮನೆಯ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಾ, "ಇದುಕ್ಕೆ ಕಾಸ್ ಕಟ್ಬೇಕಲ್ವ್ರ?" ಎಂದು ಅಳುಕಿನಿಂದ ಕೇಳಿದಳು.

"ಬಾಗ್ಲು ಮುಚ್ಕೊಂಡು ನೋಡೋರ್ಗೆ ಕಾಸು. ಬಾಗ್ಲು ತಗ್ದದಲ್ಲ, ಕುಂತ್ಕಳ್ರವ್ವ," ಅಂದರು ಅತ್ತೆ.

ಅಷ್ಟರಲ್ಲಿ ಒಬ್ಬ ಹುಡುಗಿ ಮೂವರನ್ನು ದಾಟಿಕೊಂಡು ಚೆಂಡು ಒದ್ದಳು. ಬಲೆ ನಡುಗಿತು. ಯಾವ ದೇಶವೆಂದು ನನಗೂ ಸರಿಯಾಗಿ ಕಾಣಲಿಲ್ಲ, ಅವರಿಗಂತೂ ಬೇಕಾಗಿಯೇ ಇರಲಿಲ್ಲ. ಜಗುಲಿಯಿಂದ ನಡುಮನೆಯವರೆಗೆ ಎಲ್ಲರೂ ಒಟ್ಟಿಗೆ ಕೂಗಿದರು. ಎಡಗಡೆಯ ಮನೆಯವರು ತಮಿಳು ಹಾಡು ನಿಲ್ಲಿಸಿ, ಏನಾಯಿತೆಂದು ಓಡಿ ಬಂದರು.